ಅಡಿಕೆ ದರ ಮೊಬೈಲಿಗೆ ಬರುವ ದಾರಿ: ಸ್ವಂತ ವೆಬ್ ಎಪಿಐಗೆ ಟ್ಯಾನ್‌ಸ್ಟ್ಯಾಕ್ ಕ್ವೆರಿ ಜೋಡಿಸುವ ಸಮಗ್ರ ಮಾರ್ಗದರ್ಶಿ

ಶಿರಸಿಯಿಂದ ಘಟ್ಟದಂಚಿನ ಕಡೆಗೆ ಹೊರಟರೆ ಮೊಬೈಲ್ ಸಿಗ್ನಲ್ ಒಂದು ತಿರುವಿನಲ್ಲಿ ಬಂದು ಮುಂದಿನ ತಿರುವಿನಲ್ಲಿ ಮಾಯವಾಗುತ್ತದೆ. ಅಂಥ ಒಂದು ಊರಿನ ಸಹಕಾರಿ ಸಂಘಕ್ಕೆ ಅಡಿಕೆ ದರ ನೋಡಲು, ತೂಕದ ದಾಖಲೆ ಬರೆಯಲು ಒಂದು ಸಣ್ಣ ವೆಬ್ ಆ್ಯಪ್ ಮಾಡಿಕೊಟ್ಟಿದ್ದೇನೆ. ಮೊದಲ ಆವೃತ್ತಿ ಕೊಟ್ಟ ವಾರವೇ ಹಿರಿಯ ಬೆಳೆಗಾರರೊಬ್ಬರು ಪರದೆಯನ್ನು ನನ್ನತ್ತ ತಿರುಗಿಸಿ, "ತಮ್ಮಾ, ಇದು ಇವತ್ತಿನ ದರವೋ, ನಿನ್ನೆಯದೋ?" ಎಂದು ಕೇಳಿದರು. ಪರದೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಚಾಲಿ ಅಡಿಕೆಯ ಚೀಲಗಳನ್ನು ಇಂದೇ ಪೇಟೆಗೆ ಕಳಿಸುವುದೋ, ಇನ್ನೆರಡು ದಿನ ಅಟ್ಟದ ಮೇಲೇ ಇಡುವುದೋ ಎಂಬುದನ್ನು ಅವರು ಆ ಒಂದು ಅಂಕಿ ನೋಡಿಯೇ ತೀರ್ಮಾನಿಸುತ್ತಾರೆ.

ಅಂದಿನಿಂದ ಆ್ಯಪನ್ನು ಸರ್ವರಿನ ಎಪಿಐಗೆ (ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆಗೆ) ಜೋಡಿಸುವ ಈ ಕೆಲಸವನ್ನು ನಾನು ನೋಡುವ ಬಗೆಯೇ ಬದಲಾಯಿತು. ಸರ್ವರ್ ಹೇಳಿದ ಮಾತು ಕೆಡದೆ, ತನ್ನ ದಿನಾಂಕದ ಸಮೇತ ಪರದೆಗೆ ತಲುಪಬೇಕು. ಇತ್ತ ಬೆಳೆಗಾರ ಬರೆದ ದಾಖಲೆ ಸರ್ವರಿನಲ್ಲಿ ಒಂದೇ ಒಂದು ಸಲ ಕೂರಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ಎರಡು ಮಾತಿಗಾಗಿಯೇ ಇವೆ.

ನಾನು ಬಳಸಿದ್ದು ಟ್ಯಾನ್‌ಸ್ಟ್ಯಾಕ್ ಕ್ವೆರಿ, ಅಂದರೆ ಸರ್ವರಿನಿಂದ ಮಾಹಿತಿ ತಂದು ಆ್ಯಪಿನಲ್ಲಿ ಇಟ್ಟುಕೊಳ್ಳಲು ನೆರವಾಗುವ ಸಿದ್ಧ ಕೋಡು. ಮೊದಲು ರಿಯಾಕ್ಟ್ ಕ್ವೆರಿ ಎಂದೇ ಹೆಸರಾಗಿದ್ದ ಈ ಲೈಬ್ರರಿ 2022ರಲ್ಲಿ ನಾಲ್ಕನೇ ಆವೃತ್ತಿಯೊಂದಿಗೆ ಹೊಸ ಹೆಸರು ಪಡೆಯಿತು. 2023ರ ಅಕ್ಟೋಬರಿನಲ್ಲಿ ಐದನೆಯದು ಬಂತು. ಇಲ್ಲಿ ಹೇಳುವುದೆಲ್ಲ ಐದನೇ ಆವೃತ್ತಿಯನ್ನು ಕುರಿತು. ಹಳೆಯ ಪಾಠಗಳಲ್ಲಿ ಕಾಣುವ ಕ್ಯಾಶ್‌ಟೈಮ್ ಎಂಬ ಆಯ್ಕೆ ಇದರಲ್ಲಿ ಜಿಸಿಟೈಮ್ ಆಗಿದೆ. ಕ್ವೆರಿಗಳೊಳಗೆ (ಮಾಹಿತಿ ತರುವ ಕೋರಿಕೆಗಳೊಳಗೆ), ಗೆದ್ದಾಗ ಮತ್ತು ಸೋತಾಗ ಏನು ಮಾಡಬೇಕೆಂದು ಬರೆಯುತ್ತಿದ್ದ ಆನ್‌ಸಕ್ಸೆಸ್, ಆನ್‌ಎರರ್‌ಗಳನ್ನು ತೆಗೆದುಹಾಕಿದ್ದಾರೆ.

ಹೆಜ್ಜೆ 1: ಲೈಬ್ರರಿಗೆ ಏನು ಗೊತ್ತು, ಏನು ಗೊತ್ತಿಲ್ಲ

ಈ ಲೈಬ್ರರಿಗೆ ನಿಮ್ಮ ಎಪಿಐ ಬಗ್ಗೆ ಏನೇನೂ ಗೊತ್ತಿಲ್ಲ. ಅದರ ವಿಳಾಸ, ಟೋಕನ್ (ಲಾಗಿನ್ ಆದವರ ಗುರುತು), ಉತ್ತರದ ಸ್ವರೂಪ ಯಾವುದೂ ಅದಕ್ಕೆ ಬೇಡ. ಅದು ಕೇಳುವುದು ಎರಡನ್ನೇ: ಮಾಹಿತಿಯನ್ನು ಗುರುತಿಸಲು ಒಂದು ಕೀಲಿ, ಮತ್ತು ಪ್ರಾಮಿಸ್ (ಉತ್ತರ ಆಮೇಲೆ ಬರುತ್ತದೆಂಬ ಭರವಸೆಯ ವಸ್ತು) ಹಿಂದಿರುಗಿಸುವ ಒಂದು ಫಂಕ್ಷನ್. ಫಂಕ್ಷನ್ ಮಾಹಿತಿ ಕೊಟ್ಟರೆ ಗೆದ್ದಿತು, ಎರರ್ ಎಸೆದರೆ ಸೋತಿತು ಎಂದಷ್ಟೇ ಅದು ತಿಳಿಯುತ್ತದೆ. ತಂದ ಮಾಹಿತಿಯನ್ನು ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಇಡುವುದು, ಹಳತಾದರೆ ಮತ್ತೆ ತರುವುದು, ಒಂದೇ ಮಾಹಿತಿಯನ್ನು ನಾಲ್ಕು ಕಡೆ ಕೇಳಿದರೂ ಒಂದೇ ಕೋರಿಕೆ ಕಳಿಸುವುದು, ಸೋತರೆ ಮತ್ತೆ ಪ್ರಯತ್ನಿಸುವುದು ಅದರ ಕೆಲಸ. ಉಳಿದದ್ದು ನಮ್ಮದು. ಸ್ವಂತವಾಗಿ ಬರೆದ ಎಪಿಐ ಇದ್ದವರಿಗೆ ಇದು ಅನುಕೂಲವೇ, ಏಕೆಂದರೆ ಲೈಬ್ರರಿಯ ನಿಯಮಕ್ಕೆ ತಕ್ಕಂತೆ ಸರ್ವರನ್ನು ತಿದ್ದಬೇಕಾಗಿಲ್ಲ.

ಹೆಜ್ಜೆ 2: ಕೋಡಿಗೆ ಮೊದಲು ಎಪಿಐ ಕೊಡುವ ಉತ್ತರವನ್ನು ಕಣ್ಣಾರೆ ನೋಡಿ

ದಸ್ತಾವೇಜಿನಲ್ಲಿ ಬರೆದದ್ದನ್ನು ನಂಬಿ ಕೂರಬೇಡಿ. ನಿಜವಾದ ಉತ್ತರವನ್ನು ತರಿಸಿ ಕಾಗದದ ಮೇಲೆ ಬರೆದುಕೊಳ್ಳಿ. ಪೇಟೆಯಲ್ಲಿ ಟೆಂಡರ್ (ದರ ನಿಗದಿಯಾಗುವ ಅಡಿಕೆ ಮಾರಾಟ) ಆದ ದಿನದ್ದೊಂದು, ರಜೆಯ ದಿನದ್ದೊಂದು, ತಪ್ಪು ಟೋಕನ್ ಕೊಟ್ಟಾಗಿನದೊಂದು, ಹೀಗೆ ಮೂರಾದರೂ ಇರಲಿ.

ನನಗೆ ಸಿಕ್ಕ ಎಪಿಐ ಹೀಗಿತ್ತು. ಉತ್ತರದ ಹೊರಗೊಂದು ಹೊದಿಕೆ, ಅದರಲ್ಲಿ ಸ್ಟೇಟಸ್ ಮತ್ತು ಡೇಟಾ ಎಂಬ ಎರಡು ಅಂಶ. ದಿನಾಂಕ "15-07-2024" ಎಂಬ ಪಠ್ಯ. ದರ "48,099" ಎಂಬ ಪಠ್ಯ, ಅಂಕಿಯಲ್ಲ, ನಡುವೆ ಅಲ್ಪವಿರಾಮ ಬೇರೆ. ಬಿಳಿಗೋಟು ಎಂಬ ಅಡಿಕೆ ಬಗೆಯ ಹೆಸರು ಒಂದು ಸಾಲಿನಲ್ಲಿ ಕೂಡಿಸಿ ಬರೆದಿದ್ದರೆ ಇನ್ನೊಂದರಲ್ಲಿ ಬಿಡಿಸಿ ಬರೆದಿದೆ, ಮತ್ತೊಂದರಲ್ಲಿ "ಬಿಳೆ ಗೋಟು" ಆಗಿದೆ. ಆ ದಿನ ಕೋಕಾ ಎಂಬ ಇನ್ನೊಂದು ಬಗೆ ಮಾರಾಟವಾಗದಿದ್ದರೆ ದರದ ಜಾಗದಲ್ಲಿ ಖಾಲಿ ಪಠ್ಯ. ತೂಕ ಕಿಲೋದಲ್ಲಿ, ದರ ಕ್ವಿಂಟಲಿಗೆ. ಎಲ್ಲಕ್ಕಿಂತ ತೊಡಕಿನದು, ಸರ್ವರಿನಲ್ಲಿ ಏನೇ ತಪ್ಪಾದರೂ ಎಚ್‌ಟಿಟಿಪಿ ಸಂಕೇತ 200 (ಎಲ್ಲ ಸರಿಯಿದೆ) ಎಂದೇ ಬರುತ್ತಿತ್ತು, ಹೊದಿಕೆಯ ಒಳಗೆ ಮಾತ್ರ "ಫೇಲ್" ಎಂದಿರುತ್ತಿತ್ತು.

ಇದನ್ನು ಬರೆದವರ ಮೇಲೆ ನನಗೆ ಬೇಸರವಿಲ್ಲ. ಮೊದಲು ಮುದ್ರಿತ ದರಪಟ್ಟಿಗಾಗಿ ಮಾಡಿದ ವ್ಯವಸ್ಥೆ ಅದು, ಮುದ್ರಣಕ್ಕೆ ಅಲ್ಪವಿರಾಮ ಬೇಕೇ ಬೇಕು.

ಹೆಜ್ಜೆ 3: ಬೇರೆ ಮೂಲದ ತಡೆ

ಆ್ಯಪ್ ಒಂದು ವಿಳಾಸದಲ್ಲಿ, ಎಪಿಐ ಇನ್ನೊಂದರಲ್ಲಿ ಇದ್ದರೆ ಬ್ರೌಸರ್ ತಡೆಯುತ್ತದೆ. ಪೋರ್ಟ್ ಸಂಖ್ಯೆ ಬೇರೆಯಾದರೂ ಮೂಲ ಬೇರೆಯೆಂದೇ ಲೆಕ್ಕ. ಇದಕ್ಕೆ ಪರಿಹಾರ ಇರುವುದು ಸರ್ವರಿನಲ್ಲಿ, ಯಾವ ಮೂಲಕ್ಕೆ ಅನುಮತಿಯಿದೆ ಎಂದು ಉತ್ತರದ ಜೊತೆ ತಿಳಿಸುವ ಕಾರ್ಸ್ ಹೆಡರ್‌ಗಳಲ್ಲಿ. ಕ್ಲೈಂಟಿನಲ್ಲಿ ಎಷ್ಟು ತಿಣುಕಿದರೂ ಸಿಗದು.

ಎರಡು ಕಡೆ ಹೆಚ್ಚಿನವರು ಎಡವುತ್ತಾರೆ. ಟೋಕನ್ ಹೆಡರ್ ಇದ್ದರೆ ಅಥವಾ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆಯುವ ಒಂದು ಸ್ವರೂಪ) ಕಳಿಸುತ್ತಿದ್ದರೆ ಬ್ರೌಸರ್ ನಿಜವಾದ ಕೋರಿಕೆಗೆ ಮೊದಲು ಆಪ್ಷನ್ಸ್ ಎಂಬ ಮುಂಗೋರಿಕೆ ಕಳಿಸಿ ಅನುಮತಿ ಕೇಳುತ್ತದೆ. ಆ ಮುಂಗೋರಿಕೆಯಲ್ಲಿ ಟೋಕನ್ ಇರುವುದಿಲ್ಲ. ಸರ್ವರಿನ ಲಾಗಿನ್ ಪರೀಕ್ಷೆ ಅದನ್ನೂ ಹಿಡಿದು 401 (ಲಾಗಿನ್ ಆಗಿಲ್ಲ) ಎಂದರೆ ಎಲ್ಲವೂ ನಿಂತಿತು. ಹಾಗಾಗಿ ಕಾರ್ಸ್ ನಿರ್ವಹಣೆ ಲಾಗಿನ್ ಪರೀಕ್ಷೆಗಿಂತ ಮೊದಲು ನಡೆಯಬೇಕು. ಎರಡನೆಯದು, ಸರ್ವರ್ ಕುಸಿದು 500 ಕೊಡುವಾಗ ಕಾರ್ಸ್ ಹೆಡರ್ ಹಾಕದೇ ಹೋದರೆ ಬ್ರೌಸರ್ ಅದನ್ನೂ ಕಾರ್ಸ್ ದೋಷವೆಂದೇ ತೋರಿಸುತ್ತದೆ. ನಿಮ್ಮ ಕೋಡಿಗೆ 500 ಎಂಬ ಅಂಕಿ ಕಾಣುವುದೇ ಇಲ್ಲ. ಕಾರ್ಸ್ ಸರಿಯಿದ್ದೂ ಆ ದೋಷ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದರೆ ಸರ್ವರಿನ ಲಾಗ್ ತೆರೆದು ನೋಡಿ. ಕುಕೀ ಬಳಸುವವರು ಇನ್ನೊಂದನ್ನು ನೆನಪಿಡಿ: ಆಗ ಅನುಮತಿಯ ಹೆಡರಿನಲ್ಲಿ ನಕ್ಷತ್ರ ಚಿಹ್ನೆ ನಡೆಯದು, ಆ್ಯಪಿನ ಪೂರ್ಣ ವಿಳಾಸವನ್ನೇ ಬರೆಯಬೇಕು.

ಹೆಜ್ಜೆ 4: ಎಲ್ಲ ಕೋರಿಕೆಗೂ ಒಂದೇ ಬಾಗಿಲು

ಪರದೆಗೊಂದು ಫೆಚ್ (ಸರ್ವರಿಗೆ ಕೋರಿಕೆ ಕಳಿಸುವ ಬ್ರೌಸರಿನ ಫಂಕ್ಷನ್) ಬರೆಯಬೇಡಿ. ಒಂದೇ ಫಂಕ್ಷನ್ ಬರೆದು ಎಲ್ಲವನ್ನೂ ಅದರ ಮೂಲಕ ಕಳಿಸಿ. ಅದರೊಳಗೆ ನಡೆಯಬೇಕಾದದ್ದು ಇಷ್ಟು. ವಿಳಾಸವನ್ನು ಕಟ್ಟಿ, ಟೋಕನ್ ಸೇರಿಸಿ, ಫೆಚ್ ಕರೆಯಬೇಕು. ಉತ್ತರ ಬಂದ ತಕ್ಷಣ ಅದರ ಓಕೆ ಗುಣವನ್ನು ಪರೀಕ್ಷಿಸಬೇಕು, ಏಕೆಂದರೆ 404 (ಕೇಳಿದ್ದು ಇಲ್ಲ) ಬಂದರೂ 500 ಬಂದರೂ ಫೆಚ್ ತಾನಾಗಿ ಎರರ್ ಎಸೆಯುವುದಿಲ್ಲ. ನೀವು ಎಸೆಯದಿದ್ದರೆ ಟ್ಯಾನ್‌ಸ್ಟ್ಯಾಕ್ ಕ್ವೆರಿ ಆ ದೋಷದ ಸಂದೇಶವನ್ನೇ ಮಾಹಿತಿಯೆಂದು ಕ್ಯಾಶ್‌ನಲ್ಲಿ ಇಡುತ್ತದೆ. ಆಮೇಲೆ ಜೇಸನ್ ಓದಿ ಹೊದಿಕೆ ಬಿಚ್ಚಿ, ಒಳಗೆ "ಫೇಲ್" ಇದ್ದರೆ ಆಗಲೂ ಎಸೆಯಬೇಕು. 204 (ಆಯಿತು, ಕೊಡಲು ಏನೂ ಇಲ್ಲ) ಬಂದರೆ ಒಳಗೆ ಏನೂ ಇರುವುದಿಲ್ಲ. ಅಲ್ಲಿ ಜೇಸನ್ ಓದಲು ಹೋಗದೆ ನಲ್ (ಏನೂ ಇಲ್ಲ ಎಂಬ ಗುರುತು) ಹಿಂದಿರುಗಿಸಿ. ಕ್ವೆರಿ ಫಂಕ್ಷನ್ ಅನ್‌ಡಿಫೈನ್ಡ್ ಹಿಂದಿರುಗಿಸಿದರೆ ಲೈಬ್ರರಿ ಒಪ್ಪುವುದಿಲ್ಲ.

ಎಸೆಯುವ ಎರರ್ ಬರಿಯ ಪಠ್ಯವಾಗಿರದೆ ನಿಮ್ಮದೇ ಒಂದು ಎರರ್ ಕ್ಲಾಸ್ ಆಗಿರಲಿ, ಅದರಲ್ಲಿ ಎಚ್‌ಟಿಟಿಪಿ ಸಂಕೇತ ಇರಲಿ. ಮರುಪ್ರಯತ್ನ ಮಾಡಬೇಕೋ ಬೇಡವೋ ಎಂಬುದು ಮುಂದೆ ಅದರ ಮೇಲೇ ನಿಂತಿದೆ.

ಘಟ್ಟದ ಊರುಗಳಿಗೆ ಇನ್ನೊಂದು ಅಗತ್ಯ: ಕಾಲಮಿತಿ. ಸಿಗ್ನಲ್ ಒಂದು ಗೀಟಿನಷ್ಟು ಇದೆ, ಫೋನ್ ಸಂಪರ್ಕವಿದೆ ಎನ್ನುತ್ತದೆ, ಆದರೆ ಒಂದು ಬೈಟ್ ಕೂಡ ಸಾಗುವುದಿಲ್ಲ. ಫೆಚ್‌ಗೆ ತನ್ನದೇ ಆದ ಕಾಲಮಿತಿಯ ಆಯ್ಕೆ ಇಲ್ಲದ ಕಾರಣ ಬಳಸುವವರು ತಿರುಗುವ ಚಕ್ರ ನೋಡುತ್ತಾ ಕೂರಬೇಕಾಗುತ್ತದೆ. ನಾನು ಅಬಾರ್ಟ್ ಸಿಗ್ನಲ್ (ಕೋರಿಕೆ ರದ್ದುಮಾಡುವ ಸೂಚನೆ) ಮೂಲಕ 12 ಸೆಕೆಂಡಿಗೆ ಮಿತಿ ಹಾಕಿದ್ದೇನೆ. ಟ್ಯಾನ್‌ಸ್ಟ್ಯಾಕ್ ಕ್ವೆರಿ ತಾನೇ ಒಂದು ಅಬಾರ್ಟ್ ಸಿಗ್ನಲ್ ಕೊಡುತ್ತದೆ, ಅದನ್ನೂ ಫೆಚ್‌ಗೆ ದಾಟಿಸಿದರೆ ಪರದೆ ಬಿಟ್ಟು ಹೋದಾಗ ಕೋರಿಕೆ ರದ್ದಾಗುತ್ತದೆ. ಎರಡು ಸಿಗ್ನಲ್‌ಗಳನ್ನು ಒಟ್ಟು ಮಾಡಲು ಹೊಸ ಬ್ರೌಸರ್‌ಗಳಲ್ಲಿ ಅಬಾರ್ಟ್‌ಸಿಗ್ನಲ್ ಎನಿ ಇದೆ. ಹಳೆಯ ಫೋನುಗಳಿಗಾಗಿ ನಾಲ್ಕು ಸಾಲು ಕೈಯಾರೆ ಬರೆದುಕೊಳ್ಳಿ.

ಹೆಜ್ಜೆ 5: ಅನುವಾದದ ಪದರ

ಇಡೀ ಜೋಡಣೆಯಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲಿ. ಸರ್ವರಿನ ಭಾಷೆಯಿಂದ ಆ್ಯಪಿನ ಭಾಷೆಗೆ ತರುವ ಫಂಕ್ಷನ್‌ಗಳು ಒಂದೇ ಕಡತದಲ್ಲಿ ಇರಲಿ. ಅದರಾಚೆ ಸರ್ವರಿನ ಸ್ವರೂಪ ಯಾರಿಗೂ ಗೊತ್ತಾಗಬಾರದು. ಇದನ್ನು ಕ್ವೆರಿ ಫಂಕ್ಷನ್ ಒಳಗೇ ಕರೆಯಿರಿ. ಸೆಲೆಕ್ಟ್ ಎಂಬ ಆಯ್ಕೆಯಲ್ಲೂ ಮಾಡಬಹುದು, ಆದರೆ ಆಗ ಕ್ಯಾಶ್‌ನಲ್ಲಿ ಕೊಳೆ ಹಾಗೇ ಉಳಿಯುತ್ತದೆ, ಪ್ರತಿ ಪರದೆಯೂ ತೊಳೆದು ಬಳಸಬೇಕಾಗುತ್ತದೆ.

"48,099" ಎಂಬ ಆ ಪಠ್ಯವನ್ನು ಹತ್ತಿರದಿಂದ ನೋಡಿ. ಅದನ್ನು ಪಾರ್ಸ್‌ಫ್ಲೋಟ್‌ಗೆ ಕೊಟ್ಟರೆ ಅದು ಅಲ್ಪವಿರಾಮದ ತನಕ ಓದಿ ನಿಲ್ಲುತ್ತದೆ. ಉತ್ತರ 48. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಕ್ವಿಂಟಲ್ ರಾಶಿ ಅಡಿಕೆಗೆ 48 ರೂಪಾಯಿ! ನಂಬರ್ ಫಂಕ್ಷನ್‌ಗೆ ಕೊಟ್ಟರೆ ನಾನ್ (ಅಂಕಿಯಲ್ಲ) ಎಂದು ಬರುತ್ತದೆ, ತಪ್ಪಾಗಿದೆ ಎಂದು ಗೊತ್ತಾದರೂ ಆಗುತ್ತದೆ. ಹಾಗಾಗಿ ಮೊದಲು ಅಲ್ಪವಿರಾಮಗಳನ್ನೆಲ್ಲ ತೆಗೆದು, ಆಮೇಲೆ ನಂಬರ್ ಮೂಲಕ ಪರಿವರ್ತಿಸಿ, ಬಂದದ್ದು ನಿಜವಾದ ಅಂಕಿಯೇ ಎಂದು ಪರೀಕ್ಷಿಸಿ, ಅಲ್ಲದಿದ್ದರೆ ಎರರ್ ಎಸೆಯಿರಿ.

ಆದರೆ ನಂಬರ್‌ಗೂ ಒಂದು ಕುರುಡು ಇದೆ. ಖಾಲಿ ಪಠ್ಯವನ್ನು ಕೊಟ್ಟರೆ ಅದು ಸೊನ್ನೆ ಎನ್ನುತ್ತದೆ, ನಲ್ ಕೊಟ್ಟರೂ ಸೊನ್ನೆಯೇ. ಕೋಕಾ ಮಾರಾಟವಾಗದ ದಿನ ಪರದೆಯಲ್ಲಿ "ಕೋಕಾ: 0 ರೂಪಾಯಿ" ಎಂದು ಕಂಡರೆ ಪೇಟೆ ಬಿದ್ದುಹೋಯಿತೆಂದು ಯಾರಾದರೂ ಗಾಬರಿಯಾದಾರು. ದರ ಇಲ್ಲದಿರುವುದು ಬೇರೆ, ಸೊನ್ನೆ ಬೇರೆ. ಖಾಲಿ ಇದ್ದರೆ ಮೊದಲೇ ಗುರುತಿಸಿ ನಲ್ ಇಡಿ, ಪರದೆ ಅದನ್ನು "ಟೆಂಡರ್ ಆಗಿಲ್ಲ" ಎಂದು ಬರೆಯಲಿ.

ದಿನಾಂಕವನ್ನು "2024-07-15" ಎಂಬ ಪಠ್ಯವಾಗಿಯೇ ಇಟ್ಟುಕೊಳ್ಳಿ, ಡೇಟ್ ವಸ್ತುವಾಗಿ ಮಾಡಬೇಡಿ. ಕಾರಣ ಎರಡು. ಭಾರತದ ಸಮಯ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ಜುಲೈ 15ರ ನಮ್ಮ ಮಧ್ಯರಾತ್ರಿಯ ಡೇಟ್ ವಸ್ತುವನ್ನು ಐಎಸ್‌ಒ ಪಠ್ಯವಾಗಿ ಮಾಡಿದರೆ ಜುಲೈ 14ರ ಸಂಜೆ 18:30 ಎಂದಾಗುತ್ತದೆ, ಅದರಿಂದ ದಿನಾಂಕ ಕತ್ತರಿಸಿಕೊಂಡರೆ ಒಂದು ದಿನವೇ ಹಿಂದೆ. ಎರಡನೆಯದಾಗಿ, ಮುಂದೆ ಕ್ಯಾಶ್ ಅನ್ನು ಫೋನಿನಲ್ಲಿ ಉಳಿಸುವಾಗ ಅದು ಸಾಮಾನ್ಯವಾಗಿ ಜೇಸನ್ ಆಗಿಯೇ ಹೋಗುತ್ತದೆ. ಡೇಟ್ ವಸ್ತು ಹೋಗಿ ಪಠ್ಯವಾಗಿ ಮರಳಿ ಬರುತ್ತದೆ, ಎರಡನೇ ಸಲ ಆ್ಯಪ್ ತೆರೆದಾಗ ಮಾತ್ರ ಕಾಣುವ ದೋಷ ಹುಟ್ಟುತ್ತದೆ.

ಅಡಿಕೆಯ ಬಗೆಗಳಿಗೆ ಒಂದು ಕೋಷ್ಟಕ ಸಾಕು: ರಾಶಿ, ಚಾಲಿ, ತಟ್ಟಿಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ. ಕಾಗುಣಿತದ ಎಲ್ಲ ರೂಪಗಳೂ ಒಂದೇ ಸಂಕೇತಕ್ಕೆ ಬರಲಿ. ಗೊತ್ತಿಲ್ಲದ ಹೆಸರು ಬಂದರೆ ಕೈಬಿಡಬೇಡಿ, ಬಂದ ಹಾಗೆಯೇ ತೋರಿಸಿ ಲಾಗ್‌ನಲ್ಲಿ ಬರೆದಿಡಿ. ಅಳತೆಯ ಹೆಸರು ಅಂಶದ ಹೆಸರಿನಲ್ಲೇ ಸೇರಿರಲಿ: "ತೂಕ" ಎನ್ನದೆ "ತೂಕಕಿಲೋ", "ದರ" ಎನ್ನದೆ "ದರಕ್ವಿಂಟಲಿಗೆ". ಈ ಪರೀಕ್ಷೆಗಳನ್ನೆಲ್ಲ ಕೈಯಿಂದ ಬರೆಯಲು ಬೇಸರವಾದರೆ ಝಾಡ್‌ನಂಥ ಪರಿಶೀಲನಾ ಲೈಬ್ರರಿ ಇದೆ.

ಹೆಜ್ಜೆ 6: ಕೀಲಿಗಳು

ಐದನೇ ಆವೃತ್ತಿಯಲ್ಲಿ ಕೀಲಿ ಅರೇ (ಕ್ರಮವಾಗಿ ಜೋಡಿಸಿದ ಪಟ್ಟಿ) ಆಗಿರಲೇಬೇಕು. ದೊಡ್ಡದರಿಂದ ಚಿಕ್ಕದಕ್ಕೆ ಬರೆಯಿರಿ: ಮೊದಲು "ದರ", ಆಮೇಲೆ "ದಿನದಪಟ್ಟಿ", ಆಮೇಲೆ ಪೇಟೆ ಶಿರಸಿ, ದಿನ 2024-07-15 ಎಂಬ ವಸ್ತು. ಅರೇಯೊಳಗಿನ ಕ್ರಮ ಬದಲಾದರೆ ಕೀಲಿಯೇ ಬೇರೆ, ವಸ್ತುವಿನೊಳಗಿನ ಕ್ರಮ ಬದಲಾದರೆ ತೊಂದರೆಯಿಲ್ಲ. ಫಂಕ್ಷನ್ ಬಳಸುವ ಪ್ರತಿಯೊಂದು ಬದಲಾಗುವ ಅಂಶವೂ ಕೀಲಿಯಲ್ಲಿ ಇರಬೇಕು. ಪೇಟೆಯ ಹೆಸರನ್ನು ಕೀಲಿಯಲ್ಲಿ ಬಿಟ್ಟರೆ ಯಲ್ಲಾಪುರದ ದರ ಕೇಳಿದವರಿಗೆ ಕ್ಯಾಶ್‌ನಲ್ಲಿದ್ದ ಶಿರಸಿಯ ದರ ಸಿಗುತ್ತದೆ, ಅಂಕಿಗಳು ಹತ್ತಿರ ಹತ್ತಿರ ಇರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಕೀಲಿಗಳನ್ನು ತಯಾರಿಸುವ ಸಣ್ಣ ಫಂಕ್ಷನ್‌ಗಳನ್ನು ಒಂದೆಡೆ ಇಟ್ಟುಬಿಡಿ.

ಹೆಜ್ಜೆ 7: ಎಷ್ಟು ಹೊತ್ತಿಗೆ ಹಳತು?

ಸ್ಟೇಲ್‌ಟೈಮ್ ಮತ್ತು ಜಿಸಿಟೈಮ್ ಎರಡನ್ನೂ ಕಲಸಿಕೊಳ್ಳುವವರು ಬಹಳ. ಸ್ಟೇಲ್‌ಟೈಮ್ ಎಂದರೆ ಮಾಹಿತಿಯನ್ನು ತಾಜಾ ಎಂದು ಎಷ್ಟು ಹೊತ್ತು ನಂಬಬೇಕು ಎಂಬುದು, ನಾವು ಏನೂ ಹೇಳದಿದ್ದರೆ ಲೈಬ್ರರಿಯಲ್ಲಿ ಮೊದಲೇ ಇರುವುದು ಸೊನ್ನೆ. ಜಿಸಿಟೈಮ್ ಎಂದರೆ ಯಾವ ಪರದೆಯೂ ಬಳಸದಿದ್ದಾಗ ಎಷ್ಟು ಹೊತ್ತು ನೆನಪಿನಲ್ಲಿ ಇಡಬೇಕು ಎಂಬುದು, ಮೊದಲೇ ಇರುವುದು 5 ನಿಮಿಷ. ಸ್ಟೇಲ್‌ಟೈಮ್ ಸೊನ್ನೆಯೇ ಇದ್ದರೆ ಪರದೆ ಬದಲಿಸಿದಾಗ, ಆ್ಯಪಿಗೆ ಮರಳಿದಾಗ, ಸಂಪರ್ಕ ಮರಳಿದಾಗ ಹೀಗೆ ಪ್ರತಿ ಸಲವೂ ಕೋರಿಕೆ ಹೋಗುತ್ತದೆ. ಒಂದು ಗೀಟಿನ ಸಿಗ್ನಲ್‌ನಲ್ಲಿ ಅದು ಭಾರ. ಮುಗಿದ ದಿನಗಳ ದರಪಟ್ಟಿಗೆ ನಾನು ಒಂದು ದಿನದ ಸ್ಟೇಲ್‌ಟೈಮ್ ಕೊಟ್ಟಿದ್ದೇನೆ, ಇಂದಿನದಕ್ಕೆ 5 ನಿಮಿಷ.

ಮರುಪ್ರಯತ್ನ ಮೊದಲೇ ಮೂರು ಸಲ ಇರುತ್ತದೆ, ನಡುವಿನ ಬಿಡುವು ಒಂದು, ಎರಡು, ನಾಲ್ಕು ಸೆಕೆಂಡು ಹೀಗೆ ಇಮ್ಮಡಿಯಾಗುತ್ತಾ 30 ಸೆಕೆಂಡಿಗೆ ನಿಲ್ಲುತ್ತದೆ. ಅದಕ್ಕೆ ಸಂಖ್ಯೆಯ ಬದಲು ಫಂಕ್ಷನ್ ಕೊಡಿ: 401, 403, 404, 422 ಬಂದರೆ, ಅಂದರೆ ತಪ್ಪು ನಮ್ಮ ಕೋರಿಕೆಯದೇ ಆದರೆ, ಕೂಡಲೇ ನಿಲ್ಲಿಸು, ಸಂಪರ್ಕದ ದೋಷ ಅಥವಾ 500ರ ಸಾಲಿನದಾದರೆ ಮೂರು ಸಲ ನೋಡು. ಅನುವಾದದ ಪದರ ಎಸೆದ ಎರರ್‌ಗೂ ಮರುಪ್ರಯತ್ನ ಬೇಡ, ಕೆಟ್ಟ ಅಂಕಿ ಮೂರು ಸಲ ತಂದರೂ ಕೆಟ್ಟದ್ದೇ.

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಮಾಹಿತಿ ಯಾವಾಗ ಬಂತೆಂದು ತಿಳಿಸಲು ಲೈಬ್ರರಿ ಡೇಟಾಅಪ್‌ಡೇಟೆಡ್‌ಎಟ್ ಎಂಬ ಸಮಯ ಕೊಡುತ್ತದೆ. ಅದನ್ನೇ ದರದ ಸಮಯವೆಂದು ತೋರಿಸಿದರೆ ದೊಡ್ಡ ತಪ್ಪು. ಅದು ಫೋನಿಗೆ ಉತ್ತರ ತಲುಪಿದ ಹೊತ್ತು ಮಾತ್ರ. ರಜೆಯ ದಿನ ಬೆಳಿಗ್ಗೆ ತರಿಸಿದ ದರ ಹಿಂದಿನ ದಿನದ ಟೆಂಡರಿನದಾಗಿರಬಹುದು. ಈಗ ನಮ್ಮ ಪರದೆಯಲ್ಲಿ ದರದ ಕೆಳಗೆ ಎರಡು ಸಾಲಿದೆ: "ಟೆಂಡರ್: ಜುಲೈ 15, ಸೋಮವಾರ" ಎಂದು ದೊಡ್ಡದಾಗಿ, "ಪರಿಶೀಲಿಸಿದ್ದು: ಬೆಳಿಗ್ಗೆ 9:40" ಎಂದು ಸಣ್ಣದಾಗಿ. ಮೊದಲನೆಯದು ಸರ್ವರಿನ ಮಾತು, ಎರಡನೆಯದು ಫೋನಿನದು.

ಪರದೆ ಬರೆಯುವಾಗ ಎರರ್ ಇದೆಯೇ ಎಂದು ಮೊದಲು ಕೇಳಬೇಡಿ, ಮಾಹಿತಿ ಇದೆಯೇ ಎಂದು ಮೊದಲು ಕೇಳಿ. ಹಿನ್ನೆಲೆಯಲ್ಲಿ ಮತ್ತೆ ತರುವ ಪ್ರಯತ್ನ ಸೋತರೂ ಹಳೆಯ ಮಾಹಿತಿ ಕ್ಯಾಶ್‌ನಲ್ಲಿ ಹಾಗೇ ಇರುತ್ತದೆ. ಅದನ್ನು ಅಳಿಸಿ ಕೆಂಪು ಅಕ್ಷರದ ದೋಷ ತೋರಿಸುವುದರಿಂದ ಯಾರಿಗೂ ಉಪಯೋಗವಿಲ್ಲ. ದರ ತೋರಿಸಿ, ಅದರ ಮೇಲೆ "ಹೊಸ ದರ ತರಲಾಗಲಿಲ್ಲ" ಎಂದು ಬರೆಯಿರಿ.

ಹೆಜ್ಜೆ 8: ಬರೆಯುವ ಕೆಲಸ

ತೂಕದ ದಾಖಲೆ ಕಳಿಸಲು ಯೂಸ್‌ಮ್ಯುಟೇಶನ್ ಇದೆ. ಸರ್ವರಿನಲ್ಲಿ ಬರೆಯುವ, ಬದಲಿಸುವ ಕೋರಿಕೆಗೆ ಲೈಬ್ರರಿ ಮ್ಯುಟೇಶನ್ ಎನ್ನುತ್ತದೆ. ಇಲ್ಲಿಯ ಅಪಾಯ ಒಂದೇ, ಆದರೆ ನಿಜವಾದದ್ದು: ಕೋರಿಕೆ ಸರ್ವರಿಗೆ ತಲುಪಿ ದಾಖಲಾಯಿತು, ಉತ್ತರ ಮರಳುವಷ್ಟರಲ್ಲಿ ಸಿಗ್ನಲ್ ಹೋಯಿತು. ಫೋನಿಗೆ ಅದು ಸೋಲು. ಮತ್ತೆ ಕಳಿಸಿದರೆ 62 ಕಿಲೋದ ಚೀಲ ಎರಡು ಸಲ ದಾಖಲಾಗುತ್ತದೆ.

ಪರಿಹಾರಕ್ಕೆ ಸರ್ವರಿನ ಸಹಕಾರ ಬೇಕು. ಪ್ರತಿ ದಾಖಲೆಗೂ ಕ್ಲೈಂಟೇ ಒಂದು ವಿಶಿಷ್ಟ ಗುರುತು ಕೊಡಲಿ, ಸರ್ವರಿನ ಡೇಟಾಬೇಸಿನಲ್ಲಿ ಆ ಅಂಕಣಕ್ಕೆ ಯೂನಿಕ್ ನಿರ್ಬಂಧ (ಒಂದೇ ಗುರುತು ಎರಡು ಸಾಲಿನಲ್ಲಿ ಬರದಂತೆ ತಡೆ) ಇರಲಿ. ಅದೇ ಗುರುತು ಎರಡನೇ ಸಲ ಬಂದರೆ ಹೊಸದಾಗಿ ಬರೆಯದೆ ಹಳೆಯ ದಾಖಲೆಯನ್ನೇ ಉತ್ತರವಾಗಿ ಕೊಡಬೇಕು. ಗುರುತನ್ನು ಎಲ್ಲಿ ಹುಟ್ಟಿಸುತ್ತೀರಿ ಎಂಬುದೇ ಮುಖ್ಯ. ಮ್ಯುಟೇಶನ್ ಫಂಕ್ಷನ್ ಒಳಗೆ ಹುಟ್ಟಿಸಿದರೆ ಪ್ರತಿ ಮರುಪ್ರಯತ್ನಕ್ಕೂ ಹೊಸ ಗುರುತು ಬಂದು ಎಲ್ಲವೂ ವ್ಯರ್ಥ. ಫಾರಂ ತೆರೆದಾಗಲೇ ಹುಟ್ಟಿಸಿ, ಮಾಹಿತಿಯ ಜೊತೆ ಸೇರಿಸಿ ಕಳಿಸಿ. ಕ್ರಿಪ್ಟೋ ರ್‍ಯಾಂಡಮ್‌ಯುಯುಐಡಿ ಸಾಕು, ಆದರೆ ಅದು ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಸಿಗುತ್ತದೆ. ಇಷ್ಟು ಮಾಡಿದ ಮೇಲೆಯೇ ಮ್ಯುಟೇಶನ್‌ಗೆ ಮರುಪ್ರಯತ್ನ ಹಾಕಿ. ಮೊದಲೇ ಅದು ಸೊನ್ನೆ ಇರುವುದು ಈ ಕಾರಣಕ್ಕೇ ಇರಬೇಕು.

ಯಶಸ್ಸಾದ ಮೇಲೆ ಇನ್‌ವ್ಯಾಲಿಡೇಟ್‌ಕ್ವೆರೀಸ್ ಕರೆದು "ತೂಕ" ಎಂಬ ಮೊದಲ ಅಂಶದ ಕೀಲಿ ಕೊಟ್ಟರೆ ಅದರಡಿಯ ಎಲ್ಲ ಪಟ್ಟಿಗಳೂ ಹಳತೆಂದು ಗುರುತಾಗುತ್ತವೆ, ತೆರೆದಿರುವವು ಮತ್ತೆ ಬರುತ್ತವೆ. ಉತ್ತರ ಬರುವ ಮೊದಲೇ ಆಯಿತೆಂದು ತೋರಿಸುವ ಆಶಾವಾದಿ ವಿಧಾನವೂ ಇದೆ. ತೂಕ, ಹಣದ ವಿಷಯದಲ್ಲಿ ನಾನು ಅದನ್ನು ಬಳಸುವುದಿಲ್ಲ. "ಕಳಿಸಲು ಕಾಯುತ್ತಿದೆ" ಎಂಬ ಮಾತೇ ಸರಿ.

ಹೆಜ್ಜೆ 9: ಸಿಗ್ನಲ್ ಇಲ್ಲದ ಹೊತ್ತು

ಫೋನ್ ಪೂರ್ತಿ ಸಂಪರ್ಕ ಕಳೆದುಕೊಂಡಾಗ ಲೈಬ್ರರಿ ಕ್ವೆರಿ, ಮ್ಯುಟೇಶನ್ ಎರಡನ್ನೂ ಸೋಲಿಸದೆ ತಡೆಹಿಡಿಯುತ್ತದೆ, ಸಂಪರ್ಕ ಬಂದ ಮೇಲೆ ಮುಂದುವರಿಸುತ್ತದೆ. ಆದರೆ ಆ್ಯಪ್ ಮುಚ್ಚಿದರೆ ನೆನಪೆಲ್ಲ ಖಾಲಿ. ಅದಕ್ಕೆ ಕ್ಯಾಶ್ ಅನ್ನು ಫೋನಿನಲ್ಲೇ ಉಳಿಸುವ ಪರ್ಸಿಸ್ಟ್‌ಕ್ವೆರಿಕ್ಲೈಂಟ್ ಪ್ಲಗಿನ್ ಬೇಕು. ಬ್ರೌಸರಿನೊಳಗಿನ ಡೇಟಾಬೇಸ್ ಆದ ಇಂಡೆಕ್ಸ್‌ಡಿಬಿಯಲ್ಲಿ ಉಳಿಸಿ, ಅದರ ಇನ್ನೊಂದು ಉಳಿಕೆಯ ಜಾಗ ಲೋಕಲ್ ಸ್ಟೋರೇಜ್ ಚಿಕ್ಕದು.

ಉಳಿಸಿದ್ದಕ್ಕೆ ಮೊದಲೇ ಇರುವ ಆಯುಷ್ಯ 24 ಗಂಟೆ. ಜಿಸಿಟೈಮ್ ಅದಕ್ಕಿಂತ ಕಡಿಮೆಯಿದ್ದರೆ ಮಾಹಿತಿ ಬೇಗನೇ ಅಳಿಸಿಹೋಗುತ್ತದೆ, ಎರಡನ್ನೂ ಸಮ ಮಾಡಿ. ಅನುವಾದದ ಪದರದಲ್ಲಿ ಸ್ವರೂಪ ಬದಲಿಸಿದಾಗಲೆಲ್ಲ ಬಸ್ಟರ್ ಎಂಬ ಪಠ್ಯವನ್ನೂ ಬದಲಿಸಿ, ಹಳೆಯ ಸ್ವರೂಪದ ಮಾಹಿತಿ ಎಸೆದುಹೋಗುತ್ತದೆ. ಕೊನೆಯದಾಗಿ, ತಡೆಹಿಡಿದ ಮ್ಯುಟೇಶನ್ ಉಳಿಯುತ್ತದೆಯಾದರೂ ಅದರ ಫಂಕ್ಷನ್ ಉಳಿಯುವುದಿಲ್ಲ, ಫಂಕ್ಷನ್ ಅನ್ನು ಜೇಸನ್ ಮಾಡಲಾಗದು. ಆದ್ದರಿಂದ ಮ್ಯುಟೇಶನ್‌ಗೆ ಕೀಲಿ ಕೊಟ್ಟು, ಆ್ಯಪ್ ಶುರುವಾಗುವಲ್ಲೇ ಸೆಟ್‌ಮ್ಯುಟೇಶನ್‌ಡೀಫಾಲ್ಟ್ಸ್ ಮೂಲಕ ಫಂಕ್ಷನ್ ಹೇಳಿಡಿ. ಉಳಿಸಿದ ಕ್ಯಾಶ್ ಮರಳಿದ ಮೇಲೆ ರೆಸ್ಯೂಮ್‌ಪಾಸ್ಡ್‌ಮ್ಯುಟೇಶನ್ಸ್ ಕರೆಯಿರಿ.

ಹೆಜ್ಜೆ 10: ಪರೀಕ್ಷೆ

ಕಚೇರಿಯ ವೈಫೈನಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಬ್ರೌಸರಿನ ಡೆವಲಪರ್ ಉಪಕರಣದಲ್ಲಿ ವೇಗ ತಗ್ಗಿಸಿ ನೋಡಿ, ಸರ್ವರನ್ನು ಬೇಕೆಂದೇ ನಿಲ್ಲಿಸಿ ನೋಡಿ, ಅವಧಿ ಮುಗಿದ ಟೋಕನ್ ಕೊಟ್ಟು ನೋಡಿ. ಅನುವಾದದ ಪದರಕ್ಕೆ "48,099", ಖಾಲಿ ಪಠ್ಯ, "ಬಿಳೆ ಗೋಟು" ಈ ಮೂರನ್ನಾದರೂ ಯುನಿಟ್ ಟೆಸ್ಟ್‌ನಲ್ಲಿ ಇಡಿ.

ಆಮೇಲೆ ಫೋನ್ ಹಿಡಿದು ಊರಿಗೇ ಹೋಗಿ. ಮಳೆಗಾಲದ ಒಂದು ಮಧ್ಯಾಹ್ನ ನಾನು ಸಂಘದ ಜಗುಲಿಯಲ್ಲಿ ನಿಂತು ಮಾಡಿದ್ದು ಇಷ್ಟು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಒಂದು ಚೀಲದ ತೂಕ ಬರೆದೆ. "ಕಳಿಸಲು ಕಾಯುತ್ತಿದೆ" ಎಂದು ಬಂತು. ಆ್ಯಪ್ ಪೂರ್ತಿ ಮುಚ್ಚಿ, ಏರೋಪ್ಲೇನ್ ಮೋಡ್ ತೆಗೆದು, ಮತ್ತೆ ತೆರೆದೆ. ಕಳಿಸುತ್ತಿರುವಾಗಲೇ ಬೇಕೆಂದು ಡೇಟಾ ಆರಿಸಿ ಮತ್ತೆ ಹಚ್ಚಿದೆ. ಸರ್ವರಿನ ಲಾಗ್‌ನಲ್ಲಿ ಒಂದೇ ಗುರುತಿನ ಎರಡು ಕೋರಿಕೆ ಬಂದಿದ್ದವು. ಡೇಟಾಬೇಸಿನಲ್ಲಿ ಸಾಲು ಒಂದೇ ಇತ್ತು.